ಬಿಸಿಲು, ಕಡಲೆಕಾಯಿ, ಗಡಿ: ಮಧುಗಿರಿ ಸೀಮೆಯ ಆರ್ಥಿಕತೆ

ನಾಲ್ಕು ತಾಲ್ಲೂಕುಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳು. ಶಿಕ್ಷಣ ಇಲಾಖೆ ಇವನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿದೆ. ಮಧುಗಿರಿಯನ್ನು ಕಂದಾಯ ಜಿಲ್ಲೆಯಾಗಿಯೂ ಮಾಡಬೇಕೆಂಬ ಬೇಡಿಕೆ ಹಳೆಯದು. ಇಲ್ಲಿನ ಬಹುಪಾಲು ಬೇಸಾಯ ಖುಷ್ಕಿ: ಕಡಲೆಕಾಯಿ, ರಾಗಿ, ತೊಗರಿ, ಜೊತೆಗೆ ಹೊಲದಂಚಿನ ಹುಣಸೆ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಗಡಿಯ ಆಚೆಗಿನ ಪೇಟೆ

ಪಾವಗಡವನ್ನು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರ ಸುತ್ತುವರಿದಿದೆ. ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗುವ ರಸ್ತೆಯೂ ಆಂಧ್ರದ ನೆಲವನ್ನು ಹಾದು ಬರುತ್ತದೆ. ಮಡಕಶಿರಾ, ಹಿಂದೂಪುರ, ಪೆನುಕೊಂಡ ಆಡಳಿತದ ಲೆಕ್ಕದಲ್ಲಿ ಪರರಾಜ್ಯ. ವ್ಯಾಪಾರದ ಲೆಕ್ಕದಲ್ಲಿ ನೆರೆಯ ಪೇಟೆಗಳು. ಪಾವಗಡದ ಮನೆಮನೆಯಲ್ಲೂ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋಗಿ ಸರಕು ಸಾಗಣೆ ಸಲೀಸಾಯಿತು. 2019ರಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿತು. ದುಡಿಮೆ ಹುಡುಕುವ ಪಾವಗಡದ ಯುವಕರಿಗೆ ಅದು ಬೆಂಗಳೂರಿಗಿಂತ ಹತ್ತಿರ.

ದೊಡ್ಡ ಜಾಲದೊಳಗೆ ಸೇರಿ ಬೆಳೆದ ಅನುಭವ ಈ ಸೀಮೆಗೆ ಹೊಸದಲ್ಲ. 1687ರಲ್ಲಿ ಮೊಗಲರು ಸಿರಾವನ್ನು ಕರ್ನಾಟಕ ಪ್ರಾಂತ್ಯದ ರಾಜಧಾನಿಯಾಗಿಸಿದಾಗ ಅದು ದಕ್ಷಿಣದ ಪ್ರಮುಖ ಪಟ್ಟಣಗಳಲ್ಲೊಂದಾಯಿತು. ರಾಜಧಾನಿಯ ಪಟ್ಟ ತಪ್ಪಿದ ಮೇಲೆ ಕುಗ್ಗಿತು. ಇಂದು ಅದೇ ಸಿರಾದ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ.

ಕಡಲೆಕಾಯಿ ಮತ್ತು ತಾಳೆ ಎಣ್ಣೆ

ಮಾರುಕಟ್ಟೆಗಳು ಒಂದಾದಾಗ ಬೆಳೆಗಾರನಿಗೆ ಗಿರಾಕಿ ಹೆಚ್ಚುವಂತೆ ಪೈಪೋಟಿಯೂ ಹೆಚ್ಚುತ್ತದೆ. ಇಂಡೊನೇಷ್ಯಾ, ಮಲೇಷ್ಯಾಗಳಿರುವ ಆಸಿಯಾನ್ ಒಕ್ಕೂಟದ ದೇಶಗಳೊಂದಿಗಿನ ಭಾರತದ ಸರಕು ವ್ಯಾಪಾರ ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂತು. ಭಾರತ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯದು ದೊಡ್ಡ ಪಾಲು. ಹೀಗಾಗಿ ಪಾವಗಡದ ಕಡಲೆಕಾಯಿಯ ಬೆಲೆಗೆ ದೆಹಲಿಯಲ್ಲಿ ನಿಗದಿಯಾಗುವ ಆಮದು ಸುಂಕದ ನಂಟಿದೆ. ಸುಂಕ ಇಳಿದರೆ ಅಗ್ಗದ ಎಣ್ಣೆ ನುಗ್ಗುತ್ತದೆ, ಖುಷ್ಕಿ ರೈತ ನಲುಗುತ್ತಾನೆ. ಕಾಯಿಯನ್ನು ಮೂಟೆ ಕಟ್ಟಿ ಮಾರುವ ಊರಿಗೆ ಈ ಹೊಡೆತ ನೇರವಾಗಿ ತಟ್ಟುತ್ತದೆ. ಎಣ್ಣೆ ತೆಗೆದು ಹಿಂಡಿಯನ್ನೂ ಮಾರುವ ಊರಿಗೆ ಒಂದಿಷ್ಟು ತಡೆಯುವ ಶಕ್ತಿ ಇರುತ್ತದೆ.

ಬಿಸಿಲಿಗೆ ಬಂದ ಬೆಲೆ

ಬೆಳೆಗೆ ಶಾಪವಾಗಿದ್ದ ಬಿಸಿಲೇ ಪಾವಗಡದಲ್ಲಿ ಸಂಪನ್ಮೂಲವಾಯಿತು. 2015ರಲ್ಲಿ ಸ್ಥಾಪನೆಯಾದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾದ 'ಶಕ್ತಿಸ್ಥಳ' ಸೌರ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ರೈತನ ಹೆಸರಿನಲ್ಲೇ ಜಮೀನು ಉಳಿಸಿದ ಈ ಏರ್ಪಾಡು ಮೆಚ್ಚತಕ್ಕದ್ದು.

ಈ ವಿದ್ಯುತ್ತಿಗೆ ದೇಶದ ಜಾಲವೇ ಮಾರುಕಟ್ಟೆ. ದಕ್ಷಿಣದ ಗ್ರಿಡ್ 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಉಳಿದ ಭಾರತದ ಗ್ರಿಡ್‌ನೊಂದಿಗೆ ಬೆಸೆದುಕೊಂಡಿತ್ತು. ಜಾಲವಿಲ್ಲದೆ ಇಷ್ಟು ದೊಡ್ಡ ಪಾರ್ಕ್ ಬರುವುದು ಕಷ್ಟವಿತ್ತು.

ಆದರೆ ಊರಿಗೆ ಉಳಿಯುವುದೆಷ್ಟು? ಆರಂಭದ ದರದಲ್ಲಿ 13,000 ಎಕರೆಗೆ ವರ್ಷದ ಬಾಡಿಗೆ ಸುಮಾರು 27 ಕೋಟಿ ರೂಪಾಯಿ. ವರ್ಷದ ಗಂಟೆಗಳಲ್ಲಿ ಐದನೇ ಒಂದು ಭಾಗ ಪೂರ್ಣ ಸಾಮರ್ಥ್ಯದ ಉತ್ಪಾದನೆ ಎಂದು ಹಿಡಿದರೆ ಸುಮಾರು 360 ಕೋಟಿ ಯೂನಿಟ್ ವಿದ್ಯುತ್. ಅಂದರೆ ಯೂನಿಟ್‌ಗೆ ಏಳೆಂಟು ಪೈಸೆಯಷ್ಟು ನೆಲದ ಬಾಡಿಗೆ. ಅದೂ ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಾಕಾಗುತ್ತದೆ.

ಪಾಲಿನ ಪ್ರಶ್ನೆ

ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ ಗಣಿಗಳಿವೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದಾಗಿ ಗಣಿ ನಡೆಸುವವರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಅದು ಗಣಿಬಾಧಿತ ಊರುಗಳಿಗೆ ಮೀಸಲು. ಬಿಸಿಲಿಗೆ ಅಂಥ ರಾಜಧನವಿಲ್ಲ. ವಿದ್ಯುತ್ತಿನ ಮಾರಾಟಕ್ಕೆ ಜಿಎಸ್‌ಟಿಯೂ ಇಲ್ಲ.

ಆಫ್ರಿಕಾದ ಬೋಟ್ಸ್ವಾನ ಇಲ್ಲಿ ನೆನಪಾಗುತ್ತದೆ. ಸಮುದ್ರವಿಲ್ಲದ ಆ ದೇಶ 1966ರಲ್ಲಿ ಸ್ವತಂತ್ರವಾಯಿತು, ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. 1910ರಿಂದಲೂ ಇರುವ ದಕ್ಷಿಣ ಆಫ್ರಿಕಾದ ಸುಂಕ ಒಕ್ಕೂಟದೊಳಗಿದ್ದು ಸುಂಕದ ಆದಾಯದಲ್ಲಿ ಪಾಲು ಪಡೆಯುತ್ತಲೇ, ತನ್ನ ನೆಲದಲ್ಲಿ ವಜ್ರ ತೆಗೆಯುವ ಕಂಪನಿಯಲ್ಲಿ ಅರ್ಧ ಪಾಲನ್ನೂ ಪಡೆಯಿತು. 2013ರಲ್ಲಿ ಬಹುರಾಷ್ಟ್ರೀಯ ವಜ್ರ ಕಂಪನಿ ಡಿ ಬಿಯರ್ಸ್ ತನ್ನ ಕಚ್ಚಾ ವಜ್ರದ ಮಾರಾಟವನ್ನು ಲಂಡನ್ನಿನಿಂದ ಅಲ್ಲಿನ ರಾಜಧಾನಿ ಗ್ಯಾಬರೋನಿಗೆ ತಂದಿತು. ವಜ್ರಕ್ಕೆ ಬೇಡಿಕೆ ಕುಸಿದಾಗ ಅದೂ ತತ್ತರಿಸುತ್ತದೆ, ನಿಜ. ಆದರೆ ಪಾಲು ಕೇಳದೆ ಕೂತಿದ್ದರೆ ಶಾಲೆ, ರಸ್ತೆಗಳಿಗೆ ಆ ಹಣವೂ ಸಿಗುತ್ತಿರಲಿಲ್ಲ.

ಹಳಿ ಮತ್ತು ನೀರು

ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ಬಹುಕಾಲ ರೈಲಿನ ಸಂಪರ್ಕವಿರಲಿಲ್ಲ. ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ಹೋಗುವ ತುಮಕೂರು–ರಾಯದುರ್ಗ ಮಾರ್ಗ, ಸಿರಾ ಮೂಲಕದ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಎರಡೂ ಭೂಸ್ವಾಧೀನದಲ್ಲಿ ವರ್ಷಗಟ್ಟಲೆ ತಡವಾದವು. ನೀರಿಗೆ ಭದ್ರಾ ಮೇಲ್ದಂಡೆ, ಎತ್ತಿನಹೊಳೆ, ತುಂಗಭದ್ರಾ ಯೋಜನೆಗಳನ್ನು ಈ ಸೀಮೆ ನೆಚ್ಚಿಕೊಂಡಿದೆ; ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು.

ಹಳಿ ಬಂದರೆ ಮೂಟೆ ಇನ್ನೂ ದೂರ ಹೋದೀತು. ಅದು ಎಣ್ಣೆಯಾಗಿ, ಬಿಡಿಸಿದ ಹುಣಸೆಯಾಗಿ ಹೋಗಬೇಕಾದರೆ ನಿಲ್ದಾಣಗಳ ಆಸುಪಾಸಿನಲ್ಲಿ ಗೋದಾಮು, ಎಣ್ಣೆ ಮಿಲ್ಲುಗಳಿಗೆ ಜಾಗ ಕಾದಿರಿಸುವ ಕೆಲಸ ಹಳಿ ಹಾಕುವಾಗಲೇ ಆಗಬೇಕು. ಪಕ್ಕದಲ್ಲೇ ಹುಟ್ಟುವ ಸೌರ ವಿದ್ಯುತ್ತನ್ನು ಅವಕ್ಕೆ ಕಡಿಮೆ ದರದಲ್ಲಿ ಕೊಡುವಂತೆ ಈ ತಾಲ್ಲೂಕುಗಳು ಸರ್ಕಾರವನ್ನು ಒತ್ತಾಯಿಸುವುದು ನ್ಯಾಯವೇ ಆಗಿದೆ.