ಕೂಸಿಗಿಂತ ಮೊದಲು ಬರುವ ಗಂಟು

ನಮ್ಮ ಪುರ್ತಗೇರಿಯಲ್ಲಿ, ನಾನು ಬಾಲಕನಾಗಿದ್ದ 1960ರ ದಶಕದ ಕೊನೆಯ ಭಾಗದಲ್ಲಿ, ಹುಟ್ಟಲಿರುವ ಕೂಸಿಗಾಗಿ ಮುಂಚಿತವಾಗಿ ಯಾವ ವಸ್ತುವನ್ನೂ ಕೊಳ್ಳುತ್ತಿರಲಿಲ್ಲ. ಅಂಗಿಯಿಲ್ಲ, ಟೊಪ್ಪಿಗೆಯಿಲ್ಲ, ತೊಟ್ಟಿಲಂತೂ ಇಲ್ಲವೇ ಇಲ್ಲ. ಯಾರಾದರೂ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಬಾಯಿತಪ್ಪಿ ಆ ಮಾತು ಎತ್ತಿದರೆ ನಮ್ಮವ್ವ, "ಮೊದ್ಲ ಕೂಸು ಕೈಗೆ ಬರ್ಲಿ, ಅಂಗಿ ಆಮ್ಯಾಲ ಹೊಲಿಸಿದ್ರಾತು" ಎಂದು ಆ ಮಾತನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತಿದ್ದಳು. ಆಗ ಇದು ಬಡತನದ ಮಾತೆಂದು ನಾನು ತಿಳಿದಿದ್ದೆ. ಆದರೆ ನಾಲ್ಕೆತ್ತಿನ ಕಮತ ಮಾಡುವ ಮನೆಗಳಲ್ಲಿಯೂ ಇದೇ ನಿಯಮವಿತ್ತು. ಇತಿಹಾಸವನ್ನು ಓದಿಸುವ ಉದ್ಯೋಗಕ್ಕೆ ಬಂದ ಮೇಲೆ, ರಾಜರ ಪಟ್ಟಾಭಿಷೇಕಗಳ ತೇದಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಾಗ, ಒಂದು ಮನೆ ಕೂಸಿಗಾಗಿ ಏನನ್ನು ಯಾವಾಗ ತಂದಿತೆಂಬುದೂ ಇತಿಹಾಸವೇ ಅಲ್ಲವೇ ಎಂಬ ಯೋಚನೆ ಹಲವು ಸಲ ಬಂದಿದೆ.

ಹಾಗೆಂದು ಕೊಳ್ಳುವುದೇ ಇರಲಿಲ್ಲವೆಂದಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬಸದ ಹೊತ್ತಿಗೆ ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ ಬರುತ್ತಿದ್ದವು. ಅದಾದ ಮೇಲೆ ಗಜೇಂದ್ರಗಡದ ಸಂತೆಯಿಂದ ಒಂದು ದೊಡ್ಡ ಗಂಟು ಮನೆಗೆ ಬರುತ್ತಿತ್ತು. (ಆಗ ನಮ್ಮದು ಧಾರವಾಡ ಜಿಲ್ಲೆಯ ರೋಣ ತಾಲೂಕು, ಗದಗ ಜಿಲ್ಲೆಯಾದದ್ದು 1997ರಲ್ಲಿ, ಗಜೇಂದ್ರಗಡ ತಾಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ.) ಆ ಗಂಟಿನಲ್ಲಿ ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಒಣಶುಂಠಿ, ಬೆಲ್ಲ, ಬೇರೆ ಪೊಟ್ಟಣಗಳಲ್ಲಿ ಬಜೆ, ಜಾಜಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಲೋಬಾನ. ಮನೆಯಲ್ಲಿ ತುಪ್ಪ ಕೂಡಿಡುವುದು ಎರಡು ತಿಂಗಳು ಮೊದಲೇ ಆರಂಭವಾಗುತ್ತಿತ್ತು. ಆ ದಿನಗಳಲ್ಲಿ ನಮ್ಮ ರೊಟ್ಟಿಗೆ ಬೆಣ್ಣೆ ಬೀಳುತ್ತಿರಲಿಲ್ಲ, ಅದು ಚೆನ್ನಾಗಿ ನೆನಪಿದೆ. ಹಿತ್ತಲಲ್ಲಿ ಕುಳ್ಳಿನ ಒಟ್ಟಿಲು ಏರುತ್ತಿತ್ತು, ನೀರು ಕಾಯಿಸಲು ಮತ್ತು ಹೊರಸಿನ ಕೆಳಗೆ ಕೆಂಡ ಇಡಲು.

ಓದುಗರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಬಜೆ, ಜಾಜಿಕಾಯಿಗಳಂತಹ ತೇಯುವ ನಾಲ್ಕಾರು ಬೇರು-ಕಾಯಿಗಳನ್ನು ಬಿಟ್ಟರೆ ಎಲ್ಲವೂ ತಾಯಿಗಾಗಿ ತಂದದ್ದು. ಅಂಟನ್ನು ತುಪ್ಪದಲ್ಲಿ ಕರಿದು ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದ ಉಂಡಿ ಬಾಣಂತಿಯ ಬೆಳಗಿನ ಆಹಾರ. ಇಂದು ಅಮೀನಗಡ, ಗೋಕಾಕಗಳ ಹೆಸರಿನಲ್ಲಿ ಪೆಟ್ಟಿಗೆ ಕಟ್ಟಿ ಮಾರುವ ಕರದಂಟು ಇದರ ಹತ್ತಿರದ ಬಂಧುವೇ. 'ಕರಿದ ಅಂಟು' ಎಂಬುದು ಹೆಸರಿನಲ್ಲಿಯೇ ಇದೆ. ವರ್ಷವಿಡೀ ಎಲ್ಲರ ನಂತರ ಉಳಿದದ್ದನ್ನು ಉಣ್ಣುತ್ತಿದ್ದ ಹೆಣ್ಣುಮಗಳಿಗೆ ಮನೆಯ ಹಣದಲ್ಲಿ ಮೊದಲ ಪಾಲು ಸಲ್ಲುತ್ತಿದ್ದ ಕಾಲ ಅದೊಂದೇ ಇತ್ತೇನೋ. ಕೂಸಿಗೆ ಬೇಕಾದ ಹಾಲು ತಾಯಿಯಿಂದಲೇ ಬರಬೇಕಾದುದರಿಂದ ತಾಯಿಗೆ ತಂದರೆ ಕೂಸಿಗೆ ತಂದಂತೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಇದರಲ್ಲಿ ಬಿಡಬೇಕಾದದ್ದೂ ಉಂಟು. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳ್ಳಿನ ಹೊಗೆ ತುಂಬಿಸುವುದು ತಾಯಿಗೂ ಹಿತವಲ್ಲ, ಕೂಸಿಗೂ ಹಿತವಲ್ಲ. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಏನನ್ನೂ ಕೂಸಿನ ಬಾಯಿಗೆ ಹಾಕಬಾರದೆಂದು ಇಂದಿನ ವೈದ್ಯರು ಹೇಳುವುದರಿಂದ ಬಜೆ, ಜಾಜಿಕಾಯಿಗಳ ಸಾಣೆಕಲ್ಲನ್ನೂ ಅಟ್ಟಕ್ಕೆ ಏರಿಸಬೇಕಾಗುತ್ತದೆ.

ಕೂಸಿನ ಬಟ್ಟೆಗಳ ವಿಷಯ ಬೇರೆ. ಅವೆಲ್ಲ ಹಳೆಯವು. ಅಜ್ಜನ ಸವೆದ ಧೋತರ, ಅಮ್ಮನ ಹಳೆಯ ಇಳಕಲ್ಲ ಸೀರೆ, ಇವುಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ, ಹರಿದು ಮಡಿಚಿ ಇಡುತ್ತಿದ್ದರು. ಗಂಜಿ ಹಾಕಿದ ಹೊಸ ಬಟ್ಟೆ ಎಳೆಯ ಚರ್ಮವನ್ನು ತರಚುತ್ತದೆ. ನೂರು ಸಲ ಒಗೆದ ಧೋತರದಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲಿಯೂ ದೊರೆಯದು. ಹಾಸಲು, ಹೊದಿಸಲು ಅದೇ ಹಳೆಯ ಬಟ್ಟೆಗಳ ಕೌದಿ. ಖಣದ ಕುಲಾವಿ, ಕುಂಚಿಗೆಗಳನ್ನು ಹೊಲಿಯುವುದು ಹೆಸರಿಡುವ ದಿನ ಹತ್ತಿರ ಬಂದಾಗ ಮಾತ್ರ. ಮನೆತನಕ್ಕೆ ತಕ್ಕಂತೆ ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆಯೇ ಅದಕ್ಕೆ ಹೊಸ ಬಟ್ಟೆಯ ಯೋಗ.

ಈ ಹನ್ನೆರಡು ದಿನಗಳ ಕಾಯುವಿಕೆ ಏಕೆ? ದೃಷ್ಟಿ ತಾಗುತ್ತದೆ, ಶೆಟಿಗೆವ್ವ ಹಣೆಬರಹ ಬರೆಯಬೇಕು ಎಂದು ಹಿರಿಯರು ಕಾರಣ ಹೇಳುತ್ತಿದ್ದರು. ನನಗೆ ಇನ್ನೊಂದು ಉತ್ತರ ದೊರೆತದ್ದು ತರಗತಿಯಲ್ಲಿ. ಒಮ್ಮೆ ಸಮಾಜ ವಿಜ್ಞಾನದ ಪಾಠದಲ್ಲಿ 'ಶಿಶು ಮರಣ ಪ್ರಮಾಣ' ಎಂಬ ಪದವನ್ನು ಫಳಿಯ ಮೇಲೆ ಬರೆದು ವಿವರಿಸಿದೆ, ಮಕ್ಕಳು ಆಕಳಿಸಿದರು. "ನಾಳೆ ನಿಮ್ಮ ಅಮ್ಮ, ಆಯಿ ಇವರನ್ನು ಎಷ್ಟು ಹಡೆದಿರಿ, ಎಷ್ಟು ಉಳಿದವು ಎಂದು ಕೇಳಿಕೊಂಡು ಬನ್ನಿರಿ" ಎಂದು ಹೇಳಿ ಕಳುಹಿಸಿದೆ. ಮರುದಿನ ಎದ್ದು ನಿಂತವರಲ್ಲಿ ಹೆಚ್ಚಿನವರು ಎರಡು ಬೇರೆ ಬೇರೆ ಅಂಕಿಗಳನ್ನು ಹೇಳಿದರು. ಒಬ್ಬ ಹುಡುಗಿ, "ಸರ್, ನಮ್ಮಮ್ಮ ಎಣಿಸಾಕ ಹೋಗಿ ನಡುವ ಸುಮ್ಮನಾದ್ಲು ರೀ" ಎಂದಳು. ಆ ದಿನ ಯಾರೂ ಆಕಳಿಸಲಿಲ್ಲ.

1971ರಲ್ಲಿ ನಮ್ಮ ದೇಶದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. ಸುಮಾರು ಎಂಟಕ್ಕೊಂದು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿಯಿತು; ಕರ್ನಾಟಕದಲ್ಲಿ 19. ಎಂಟಕ್ಕೊಂದು ತೊಟ್ಟಿಲು ಬರಿದಾಗುವ ಊರಿನಲ್ಲಿ ಮುಂಚಿತವಾಗಿ ಅಂಗಿ ಹೊಲಿಸಿದವರ ಗತಿ ಏನಾಗುತ್ತಿತ್ತು? ಕೂಸು ಹೋಗುತ್ತಿತ್ತು, ಅಂಗಿ ಉಳಿಯುತ್ತಿತ್ತು. ಆ ಅಂಗಿಯನ್ನು ಪೆಟ್ಟಿಗೆಯಲ್ಲಿ ಮಡಿಚಿಡುವ ಸಂಕಟವನ್ನು ತಪ್ಪಿಸಲೆಂದೇ ನಮ್ಮ ಹಿರಿಯ ಹೆಂಗಸರು ಆ ನಿಯಮವನ್ನು ಮಾಡಿಕೊಂಡಿದ್ದರೆಂದು ನಾನು ನಂಬಿದ್ದೇನೆ. ಅದನ್ನು ಮೂಢನಂಬಿಕೆಯೆಂದು ಕರೆಯಲು ನನಗೆ ನಾಲಗೆ ಏಳದು.

ಆದರೆ ಆ ಗಂಟಿನಲ್ಲಿ ಇರಬೇಕಾಗಿದ್ದ, ಇರದಿದ್ದ ಒಂದು ಚಿಕ್ಕ ವಸ್ತುವಿನ ಬಗ್ಗೆ ಹೇಳಲೇಬೇಕು. ಅದು ಹೊಸ ಬ್ಲೇಡು. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕೊಯ್ಯಲು ನಮ್ಮ ಹಳ್ಳಿಗಳಲ್ಲಿ ಕೈಗೆ ಸಿಕ್ಕ ಕುಡಗೋಲನ್ನೋ ಚಾಕುವನ್ನೋ ಬಳಸುತ್ತಿದ್ದರು. ಕಟ್ಟಲು ಯಾವುದೋ ದಾರ, ಗಾಯದ ಮೇಲೆ ಕೆಲವೆಡೆ ಬೂದಿ, ಕೆಲವೆಡೆ ಅರಿಷಿಣ-ಎಣ್ಣೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ದನದ ಸೆಗಣಿಯಲ್ಲಿ ವಾಸಿಸುತ್ತದೆ. ಕುಡಗೋಲಿನ ಮೇಲೆ, ಕುಳ್ಳಿನ ಹುಡಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಮೊದಲ ಎರಡು ದಿನ ಚೆನ್ನಾಗಿ ಮೊಲೆ ಕುಡಿದ ಕೂಸು, ಮೂರನೆಯ ದಿನದಿಂದ ಎರಡು ವಾರಗಳೊಳಗೆ, ಬಹುಮಟ್ಟಿಗೆ ಒಂದು ವಾರದ ಸುತ್ತಮುತ್ತ, ದವಡೆ ಬಿಗಿದು ಮೊಲೆ ಹಿಡಿಯಲಾರದೆ ಹೋಗುತ್ತದೆ. ಅನಂತರ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಹೆಸರಿಡಲು ಹನ್ನೆರಡು ದಿನ ಕಾಯುತ್ತಿದ್ದ ನಮ್ಮ ಪದ್ಧತಿಯನ್ನು ಈ ದಿನಗಳ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಇದಕ್ಕಾಗಿ ಸೂಲಗಿತ್ತಿಯರನ್ನು ದೂರುವುದು ನ್ಯಾಯವಲ್ಲ. ನಡುರಾತ್ರಿ ಕಂದೀಲು ಹಿಡಿದು, ಮರು ಮಾತಿಲ್ಲದೆ ಬರುತ್ತಿದ್ದವರು ಅವರೊಬ್ಬರೇ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಂತಹವರು ಹಣವನ್ನು ಕೇಳದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ತೀರಿಕೊಂಡರು. ಕೈಗೆ ಬ್ಲೇಡು ಕೊಡದೆ, ಸಾಬೂನು ಕೊಡದೆ, ಕಾಣದ ರೋಗಾಣುವಿನ ವಿಷಯವನ್ನು ಹೇಳದೆ ಅವರನ್ನು ಹೊಣೆಗಾರರನ್ನಾಗಿ ಮಾಡುವುದೆಂತು? ಮುಂದೆ ಸೂಲಗಿತ್ತಿಯರ ತರಬೇತಿಗಳಲ್ಲಿ ಐದು ಶುಚಿಗಳನ್ನು ಕಲಿಸತೊಡಗಿದರು: ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಏನನ್ನೂ ಹಚ್ಚದ ಶುಚಿಯಾದ ಹೊಕ್ಕುಳು. ಇವೆಲ್ಲವನ್ನೂ ಒಂದು ಚಿಕ್ಕ ಪೊಟ್ಟಣದಲ್ಲಿ ಕಟ್ಟಿ ಕೊಡಬಹುದಿತ್ತು, ಕೊಟ್ಟರು ಕೂಡ. ಅದರ ಜೊತೆಗೆ ಬಸುರಿಗೆ ತಿಂಗಳ ಅಂತರದಲ್ಲಿ ಎರಡು ಧನುರ್ವಾಯು ಚುಚ್ಚುಮದ್ದು ಬಂದಿತು. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆ ಗರ್ಭದಲ್ಲಿನ ಕೂಸಿಗೂ ಇಳಿಯುತ್ತದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದ ಮೇಲೆ ನರ್ಸಬಾಯಿಯವರು ಚೀಲ ಹಿಡಿದು ಓಣಿ ಓಣಿ ತಿರುಗಿದ್ದನ್ನು ನಾನು ಕಂಡಿದ್ದೇನೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನಗೊಂಡಿದೆಯೆಂದು ದೃಢಪಡಿಸಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ವಿಜಯಕ್ಕೆ ಪಾಣಿಪತದ ಯುದ್ಧದಷ್ಟು ಜಾಗ ದೊರೆಯಲಿಲ್ಲವೆಂಬುದು ಬೇರೆ ಮಾತು.

ಕೂಸಿನ ವಸ್ತುಗಳ ಪಟ್ಟಿಯನ್ನು ಸರ್ಕಾರವೇ ತಯಾರಿಸಿದ ಉದಾಹರಣೆಗಳೂ ಉಂಟು. ಫಿನ್ಲೆಂಡ್ ದೇಶವು 1937ರಲ್ಲಿ ಕಾನೂನು ಮಾಡಿ, 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಹೆರಿಗೆಯ ಸಹಾಯವನ್ನು ಕೊಡುತ್ತ ಬಂದಿತು. ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ, ತಳದಲ್ಲಿ ಪುಟ್ಟ ಹಾಸಿಗೆ. ಎಷ್ಟೋ ಕೂಸುಗಳು ಆ ಪೆಟ್ಟಿಗೆಯಲ್ಲಿಯೇ ಮಲಗಿ ಬೆಳೆದವು. ಆದರೆ ನನಗೆ ಮೆಚ್ಚುಗೆಯಾದದ್ದು ಪೆಟ್ಟಿಗೆಯಲ್ಲ, ಅದರ ಕರಾರು: ಬಸುರಿಯು ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ವೈದ್ಯರನ್ನು ಕಂಡಿರಬೇಕು. ಅಂಗಿಯ ಆಸೆ ತೋರಿಸಿ ದವಾಖಾನೆಯ ಮೆಟ್ಟಿಲು ಹತ್ತಿಸಿದ ಜಾಣತನ ಅದು. ನಮ್ಮಲ್ಲಿ 2007ರಲ್ಲಿ ಆರಂಭವಾದ 'ಮಡಿಲು' ಯೋಜನೆಯ ಹಿಂದೆಯೂ ಇಂತಹುದೇ ವಿಚಾರವಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡತನ ರೇಖೆಗಿಂತ ಕೆಳಗಿನ ತಾಯಂದಿರಿಗೆ ಹತ್ತೊಂಬತ್ತು ವಸ್ತುಗಳ ಚೀಲ: ಸೊಳ್ಳೆಪರದೆ, ಕಂಬಳಿ, ಸಾಬೂನು, ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಕೂಸಿಗೆ ರಬ್ಬರ್ ಹಾಸು, ಸ್ವೆಟರ್, ಟೊಪ್ಪಿಗೆ, ಕಾಲುಚೀಲ. ಹೊಟ್ಟೆಗೆ ಕಟ್ಟುವ ಬಟ್ಟೆಯನ್ನು ಮರೆಯದೆ ಸೇರಿಸಿದವರು ಯಾರೋ ಬಾಣಂತನ ಬಲ್ಲವರೇ ಇರಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಕುಡಗೋಲು ಹೊಲಕ್ಕೆ ಮರಳಿತು.

ಈಗಿನ ಪಟ್ಟಿಗಳ ಸಂಗತಿಗೆ ಬರೋಣ. ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗಳು ಕಳೆದ ವರ್ಷ ಮೊಬೈಲಿನಲ್ಲಿ ಅರವತ್ತಕ್ಕೂ ಹೆಚ್ಚು ವಸ್ತುಗಳ ಒಂದು ಪಟ್ಟಿಯನ್ನು ಕಳುಹಿಸಿ, "ದೊಡ್ಡಪ್ಪಾ, ಇದರಾಗ ಖರೇನss ಬೇಕಾದ್ದು ಯಾವು?" ಎಂದು ಕೇಳಿದ್ದಳು. ಹಾಲುಣಿಸುವ ಬಾಟಲಿಗಳೇ ಆರು ಇದ್ದವು, ಅವುಗಳನ್ನು ಬಿಸಿ ಮಾಡುವ ಯಂತ್ರ ಒಂದು, ತೊಳೆಯುವ ಕುಂಚ ಎರಡು. ನಮ್ಮ ದೇಶದಲ್ಲಿ 1992ರಿಂದ ಹಾಲಿನ ಪುಡಿ ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನು ನಿಷೇಧಿಸುವ ಕಾನೂನೇ ಇದೆ. ಬಾಟಲಿಯ ಕೊಳೆಯಿಂದ ಕೂಸುಗಳಿಗೆ ಭೇದಿ ಹತ್ತುತ್ತಿದ್ದುದೂ ಅದಕ್ಕೊಂದು ಕಾರಣ. ನಮ್ಮ ಕಾಲದ ಒಳಲೆಯನ್ನಾದರೂ ಒಳಗೆ ಬೆರಳು ಹಾಕಿ ತಿಕ್ಕಬಹುದಿತ್ತು. ನಾನು ಬಾಟಲಿಗಳನ್ನೆಲ್ಲ ಹೊಡೆದುಹಾಕಿದೆ. ವೈದ್ಯರು ಬೇಕೆಂದರೆ ತರಲು ಅಂಗಡಿಗಳು ಎಲ್ಲಿಯೂ ಓಡಿಹೋಗವು. ಪೌಡರ್ ಡಬ್ಬಿ, ಕಾಡಿಗೆ, ಪಾದರಕ್ಷೆ ಹೊಡೆದುಹಾಕಿದೆ. ನಡೆಯಲು ಬಾರದವರಿಗೆ ಪಾದರಕ್ಷೆ ಏಕೆಂಬುದು ನನಗೆ ಇಂದಿಗೂ ತಿಳಿಯದ ಒಗಟು. ಒಗೆದ ಮೆತ್ತನೆಯ ಹತ್ತಿಬಟ್ಟೆಗಳು ಧಾರಾಳವಾಗಿ, ನಾಲ್ಕು ಮುಂದೆ ಕಟ್ಟುವ ಅಂಗಿ, ಎರಡು ಟೊಪ್ಪಿಗೆ, ಒಂದು ದಪ್ಪ ಹೊದಿಕೆ, ರಬ್ಬರ್ ಹಾಸು, ಸೊಳ್ಳೆಪರದೆ, ಸಾಬೂನು, ತಾಯಿ ಕಾರ್ಡು ಮತ್ತು ಆಸ್ಪತ್ರೆಗೆ ಹೋಗುವ ವಾಹನದ ಖಚಿತ ವ್ಯವಸ್ಥೆ, ಇಷ್ಟನ್ನು ಉಳಿಸಿದೆ. ಪಟ್ಟಿಯಲ್ಲಿ ಇರದಿದ್ದ ಎರಡು ಸೇರು ಅಂಟಿನುಂಡಿಯನ್ನು ಸೇರಿಸಿದೆ. ಆ ಪಟ್ಟಿಯಲ್ಲಿ ತಾಯಿಗೆಂದು ಒಂದೇ ಒಂದು ವಸ್ತುವಿರಲಿಲ್ಲ ಎಂಬುದೇ ನನ್ನ ದೊಡ್ಡ ತಕರಾರು.

ಬೆಚ್ಚಗಿಡುವ ಯಂತ್ರಗಳ ಮಾತೂ ಅದರಲ್ಲಿತ್ತು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ, ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ, ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರಿ ಎದೆಗೆ ಒರಗಿಸಿ ಕಟ್ಟತೊಡಗಿದರು. ಕಾಂಗರೂ ಆರೈಕೆಯೆಂದು ಅದು ಪ್ರಸಿದ್ಧವಾಯಿತು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೂ ಅದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ಅಧ್ಯಯನ ಮಾಡಿದ್ದಾರೆ. ಇದಕ್ಕೆ ಕೊಳ್ಳಬೇಕಾದದ್ದು ಏನೂ ಇಲ್ಲ. ಒಂದು ಹಳೆಯ ಸೀರೆ ಸಾಕು.

ಕೊನೆಗೆ ತೊಟ್ಟಿಲು. ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿನಲ್ಲೆಲ್ಲ ಹೆಸರಾದವು. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆಗಳನ್ನು ಚಿತ್ರಗಾರ ಮನೆತನದವರು ಬರೆಯುತ್ತಾರೆ. ಉಳ್ಳವರು ಮಗಳ ಜೊತೆಗೆ ಅದನ್ನು ಕಳುಹಿಸುತ್ತಿದ್ದರು, ಮೂರು ತಲೆಮಾರು ಅದು ತೂಗುತ್ತಿತ್ತು. ನಮ್ಮ ಓಣಿಯಲ್ಲಿ ಇದ್ದದ್ದು ಊರ ಬಡಿಗರು ಬೇವಿನ ಕಟ್ಟಿಗೆಯಲ್ಲಿ ಮಾಡಿಕೊಟ್ಟ ಸಾದಾ ತೊಟ್ಟಿಲು. ಅದು ನಮ್ಮ ಮನೆಯದೆಂದು ಹೆಸರಿಗೆ ಮಾತ್ರ. ಯಾರ ಮನೆಯಲ್ಲಿ ಹೆಸರಿಡುವ ದಿನ ಬಂದಿತೋ ಅವರು ಹಿಂದಿನ ರಾತ್ರಿ ಬಂದು ಹೊತ್ತೊಯ್ಯುತ್ತಿದ್ದರು. ಅದಕ್ಕೆ ಮೊದಲು ಕೇಳುವ ಪದ್ಧತಿ ಇರಲಿಲ್ಲ. ಈಗ ಅದು ಮೂರನೆಯ ಮನೆಯಲ್ಲಿದೆ. ಎದುರು ಮನೆಯ ಸೊಸೆಗೆ ಈಗ ಐದು ತಿಂಗಳು. ಅವರ ಅತ್ತೆ ಮೊನ್ನೆಯೇ ಬಂದು, "ಮುಂದಿನ ಪಾಳಿ ನಮ್ದರೀ ಸರ್, ಬ್ಯಾರೇದವರಿಗೆ ಹೇಳಬ್ಯಾಡ್ರಿ" ಎಂದು ಹೇಳಿ ಹೋಗಿದ್ದಾರೆ.