ಕಂಡಿಕೆ ಸುತ್ತುವವರು ಯಾರು?

ಹೊಲಿಗೆ ಮಿಷನ್ನಿನ ಇತಿಹಾಸ ಬರೆದವರೆಲ್ಲ ಹೆಚ್ಚಾಗಿ ಸೂಜಿಯ ಬಗ್ಗೆಯೇ ಬರೆದಿದ್ದಾರೆ. ಸೂಜಿಯ ಹಿಂತುದಿಯಲ್ಲಿದ್ದ ಕಣ್ಣು ಮೊನೆಯ ಹತ್ತಿರ ಬಂತು, ಅಲ್ಲಿಂದ ಲೋಕವೇ ಬದಲಾಯಿತು ಅಂತ. ಸರಿಯೇ, ಒಪ್ಪೋಣ. ಆದರೆ ಆ ಸೂಜಿಯ ಕೆಳಗೆ, ತಗಡಿನ ಮುಚ್ಚಳದ ಅಡಿ, ಕತ್ತಲಲ್ಲಿ ಕೂತು ದುಡಿಯುವ ಬಾಬಿನ್ ಇದೆಯಲ್ಲ, ಅದರ ಬಗ್ಗೆ ಒಂದು ಸಾಲು, ಎರಡು ಸಾಲು ಅಷ್ಟೇ. ಇನ್ನು ಆ ಬಾಬಿನ್‌ಗೆ ದಾರ ಸುತ್ತುವ ಪುಟ್ಟ ಚಕ್ರದ ಹೆಸರು ಹೇಳುವವರು ಯಾರು? ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಮೊದಲು ಒಂದು ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ಮಿಷನ್ ಹೊಲಿಗೆಗೆ ಎರಡು ದಾರ. ಮೇಲಿನದು ಸೂಜಿಯ ಜೊತೆ ಬಟ್ಟೆಯೊಳಗೆ ಇಳಿದು ಕೆಳಗೆ ಒಂದು ಕುಣಿಕೆಯಾಗುತ್ತದೆ. ಆ ಕುಣಿಕೆ ಕೆಳಗಿನ ದಾರವನ್ನು, ಅಂದರೆ ಇಡೀ ಬಾಬಿನ್ನನ್ನೇ, ಸುತ್ತು ಹಾಕಿಕೊಂಡು ಬರಬೇಕು. ಆಗಲೇ ಗಂಟು. ಹಾಗಾಗಿ ಮೇಲೆ ನೀವು ತೆಂಗಿನಕಾಯಿ ಗಾತ್ರದ ದಾರದ ಕೋನ್ ಇಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಕೆಳಗೆ ಮಾತ್ರ ಕುಣಿಕೆಯೊಳಗೆ ತೂರುವಷ್ಟೇ ಗಾತ್ರ. ಮೇಲಿನವನು ಸಾಹುಕಾರ, ಕೆಳಗಿನವನು ದಿನಗೂಲಿ. ದಿನಗೂಲಿಯವನ ಡಬ್ಬಿ ಮತ್ತೆ ಮತ್ತೆ ಖಾಲಿಯಾಗುತ್ತದೆ, ಮತ್ತೆ ಮತ್ತೆ ಯಾರಾದರೂ ತುಂಬಬೇಕು.

ಈ ಏರ್ಪಾಡು ಹೊಲಿಗೆಯವರು ಕಂಡುಹಿಡಿದದ್ದಲ್ಲ, ನೇಕಾರರಿಂದ ಬಂದದ್ದು. ನಮ್ಮ ಗುಳೇದಗುಡ್ಡದ ಕಡೆ ಕುಣಿಮಗ್ಗ ನೋಡಿದವರಿಗೆ ಲಾಳಿ ಗೊತ್ತು. ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ, ಕಂಡಿಕೆಯ ಮೇಲೆ ಅಡ್ಡ ನೂಲು. ಇಚಲಕರಂಜಿ, ಭಿವಂಡಿಯ ಪವರ್‌ಲೂಮ್ ಮಂದಿ ಇದನ್ನೇ ಕಾಂಡಿ ಅಂತಾರೆ. ಎಲಿಯಾಸ್ ಹೋವೆ ಎಂಬ ಅಮೆರಿಕದವನು 1846ರಲ್ಲಿ ಹೊಲಿಗೆ ಮಿಷನ್ನಿಗೆ ಪೇಟೆಂಟ್ ಪಡೆದನಲ್ಲ, ಅವನು ಹುಡುಗನಾಗಿದ್ದಾಗ ಲೋವೆಲ್ ಎಂಬ ಊರಿನಲ್ಲಿ ಬಟ್ಟೆ ಗಿರಣಿಯ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಅವನ ಮಿಷನ್ನಿನ ಕೆಳಗೆ ಓಡಾಡಿದ್ದು ಮಗ್ಗದ ಲಾಳಿಯದೇ ಮರಿ. ಅವನಿಗಿಂತ ಹತ್ತು ಹನ್ನೆರಡು ವರ್ಷ ಮೊದಲೇ ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬವನು ಇಂಥದೇ ಮಿಷನ್ ಮಾಡಿ ಪೇಟೆಂಟ್ ಪಡೆಯದೆ ಬಿಟ್ಟಿದ್ದ. ಕೈಹೊಲಿಗೆಯ ಹೆಂಗಸರ ಅನ್ನ ಹೋಗುತ್ತದೆ ಅಂತ ಅವನ ಮಗಳೇ ಬೇಡವೆಂದಳು ಎಂಬ ಕಥೆ ಇದೆ. ಆ ಹೆದರಿಕೆ ಸುಳ್ಳೇನಲ್ಲ. ಫ್ರಾನ್ಸಿನಲ್ಲಿ ತಿಮೋನಿಯೆ ಎಂಬ ದರ್ಜಿ ಮಾಡಿದ ಮಿಷನ್ನುಗಳನ್ನು 1831ರಲ್ಲಿ ಪ್ಯಾರಿಸ್ಸಿನ ದರ್ಜಿಗಳೇ ನುಗ್ಗಿ ಪುಡಿ ಮಾಡಿದ್ದರು.

ಅಂದ ಹಾಗೆ, ತಿಮೋನಿಯೆಯ ಮಿಷನ್ನಿಗೆ ಬಾಬಿನ್ ಇರಲಿಲ್ಲ. ಒಂದೇ ದಾರದ ಸರಪಳಿ ಹೊಲಿಗೆ ಅದು. ಸುತ್ತುವ ತಾಪತ್ರಯವೇ ಇಲ್ಲ, ಆದರೆ ಒಂದು ತುದಿ ಎಳೆದರೆ ಜೋಳದ ಚೀಲದ ಹೊಲಿಗೆಯ ಹಾಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇನ್ನೊಬ್ಬರಿದ್ದರು, ಗ್ರೋವರ್ ಮತ್ತು ಬೇಕರ್ ಕಂಪನಿಯವರು. ಎರಡು ದಾರವನ್ನೂ ಅಂಗಡಿಯಿಂದ ತಂದ ರೀಲಿನಿಂದಲೇ ನೇರ ಎಳೆಯುವ ಮಿಷನ್ ಅವರದು. ಬಾಬಿನ್ ಸುತ್ತಬೇಕಿಲ್ಲ ಅನ್ನುವುದು ದೊಡ್ಡ ಅನುಕೂಲ. ಆದರೆ ಆ ಹೊಲಿಗೆ ದಪ್ಪ, ಬಟ್ಟೆಯ ಕೆಳಗೆ ಏಣು ಏಳುತ್ತಿತ್ತು, ದಾರವನ್ನು ಬಹಳ ನುಂಗುತ್ತಿತ್ತು. 1870ರ ದಶಕ ಮುಗಿಯುವುದರೊಳಗೆ ಕಂಪನಿಯೇ ಇಲ್ಲವಾಯಿತು. ನನಗೆ ಇದು ಸಣ್ಣ ಘಟನೆ ಅನ್ನಿಸುವುದಿಲ್ಲ. ದಾರ ಕೊಳ್ಳಲು ದುಡ್ಡು ಬೇಕು, ಬಾಬಿನ್ ಸುತ್ತಲು ಮನೆಯಲ್ಲಿ ಯಾರಾದರೂ ಇದ್ದರಾಯಿತು. ಮಾರುಕಟ್ಟೆ ಗೆಲ್ಲಿಸಿದ್ದು ಯಾವುದನ್ನು ಅಂತ ನೋಡಿ!

1851ರ ಆಗಸ್ಟ್ 12ರಂದು ಒಂದೇ ದಿನ ಎರಡು ಪೇಟೆಂಟ್ ಹೊರಬಂದವು. ಒಂದು ಐಸಾಕ್ ಸಿಂಗರನದು, ಎಲ್ಲರಿಗೂ ಗೊತ್ತಿರುವ ಹೆಸರು. ಇನ್ನೊಂದು ಆಲೆನ್ ವಿಲ್ಸನ್‌ನದು, ಯಾರಿಗೂ ಗೊತ್ತಿಲ್ಲ. ಸಿಂಗರನದು ಲಾಳಿಯ ದಾರಿ. ವಿಲ್ಸನ್ ಮಾತ್ರ ಲಾಳಿಯನ್ನೇ ಕಿತ್ತೆಸೆದು, ದುಂಡನೆಯ ಚಪ್ಪಟೆ ಬಾಬಿನ್ನನ್ನು ಒಂದೆಡೆ ಕೂರಿಸಿ, ಅದರ ಸುತ್ತ ತಿರುಗುವ ಕೊಕ್ಕೆಯಿಂದ ಕುಣಿಕೆ ದಾಟಿಸಿದ. ಇವತ್ತು ನಿಮ್ಮ ಮನೆಯ ಮಿಷನ್ನಿನಲ್ಲಿ ಬಿಲ್ಲೆಯಂಥ ಬಾಬಿನ್ ಇದೆಯಲ್ಲ, ಅದು ವಿಲ್ಸನ್‌ನ ದಾರಿಯದು.

ಸಿಂಗರನ ವಿಷಯ ಬಂತು ಅಂತ ಇನ್ನೊಂದು. 1924ರಲ್ಲಿ ಗಾಂಧೀಜಿಯನ್ನು ಜಿ. ರಾಮಚಂದ್ರನ್ ಯಂತ್ರಗಳ ಬಗ್ಗೆ ಕೇಳಿದಾಗ, ಅವರು ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಹೆಂಡತಿ ಕೂತು ಕೈಯಲ್ಲಿ ಹೊಲಿಯುವ ಕಷ್ಟ ನೋಡಲಾರದೆ ಪ್ರೀತಿಯಿಂದ ಮಾಡಿದ ಯಂತ್ರ ಅನ್ನುವುದು ಅವರ ನಂಬಿಕೆ. ಮಹಾತ್ಮರ ಮನಸ್ಸು ದೊಡ್ಡದು. ನಿಜವಾದ ಸಿಂಗರ್ ನಾಟಕದ ನಟ, ಒಂದಕ್ಕಿಂತ ಹೆಚ್ಚು ಸಂಸಾರ, ಇಪ್ಪತ್ತಕ್ಕೂ ಮೀರಿ ಮಕ್ಕಳು. ಹೆಂಡತಿಯ ಬೆನ್ನುನೋವಿಗಿಂತ ಅವನಿಗೆ ರೊಕ್ಕದ ಚಿಂತೆ ಇತ್ತು. ಇರಲಿ.

ಲಾಳಿ ಮಾದರಿಯ ಹಳೆಯ ಸಿಂಗರ್‌ಗಳಲ್ಲಿ ಬಾಬಿನ್ ಉದ್ದನೆಯದು, ಸಣಕಲು, ಎರಡೂ ತುದಿಗೆ ಬಿಲ್ಲೆ. ನೋಡಿದರೆ ಕಂಡಿಕೆಯೇ. ಇದಕ್ಕೆ ಕೈಯಲ್ಲಿ ಒಂದೇ ಸಮ ಸುತ್ತುವುದು ಕಷ್ಟ, ನಡುವೆ ಹೊಟ್ಟೆ ಬರುತ್ತದೆ. ಅದಕ್ಕೆ ಅವರು ಚಕ್ರದ ಪಕ್ಕದಲ್ಲಿ ಹೃದಯದ ಆಕಾರದ ಒಂದು ಕ್ಯಾಮ್ ಕೂರಿಸಿದರು. ಅದು ತಿರುಗಿದ ಹಾಗೆ ದಾರ ಹಿಡಿದ ಕಡ್ಡಿ ಆ ತುದಿಯಿಂದ ಈ ತುದಿಗೆ ಒಂದೇ ವೇಗದಲ್ಲಿ ಹೋಗಿ ಬರುತ್ತದೆ. ನಾನು ಎಪ್ಪತ್ತರ ದಶಕದಲ್ಲಿ ಮುಂಬೈಗೆ ಬಂದು ಪರೇಲಿನ ಗಿರಣಿಯೊಂದರಲ್ಲಿ ಕಾರಕೂನನಾಗಿದ್ದಾಗ, ರಿಂಗ್ ಫ್ರೇಮಿನ ಬಾಬಿನ್ ಕಟ್ಟುವ ಭಾಗದಲ್ಲಿ ಇದೇ ಹೃದಯದಾಕಾರದ ಕ್ಯಾಮನ್ನು ಒಬ್ಬ ಜಾಬರ್ ತೋರಿಸಿದ್ದ. ಗಿರಣಿಯಲ್ಲಿ ಮೊಣಕಾಲುದ್ದದ್ದು, ಹೊಲಿಗೆ ಮಿಷನ್ನಿನಲ್ಲಿ ಬೆರಳುದ್ದದ್ದು. ಇನ್ನೊಂದೂ ನೋಡಿದೆ. ಗಿರಣಿಯ ಎಲ್ಲ ಖಾತೆಗಳಲ್ಲಿ ಗಂಡಸರು, ವೈಂಡಿಂಗ್ ಖಾತೆಯಲ್ಲಿ ಮಾತ್ರ ಹೆಂಗಸರು. ಮುಂಬೈ ಗಿರಣಿಗಳಲ್ಲಿ ಮೊದಲಿನಿಂದ ಹೆಣ್ಣಾಳುಗಳು ಸೇರಿಕೊಂಡಿದ್ದು ಹೆಚ್ಚಾಗಿ ಇದೇ ಸುತ್ತುವ ಕೆಲಸಕ್ಕೆ. 1982ರ ಮುಷ್ಕರದ ಕಥೆಯಲ್ಲಿ ಅವರ ಮಾತು ಬರುವುದು ಕಮ್ಮಿ.

ನೇಕಾರರ ಮನೆಯಲ್ಲಂತೂ ಹೇಳುವುದೇ ಬೇಡ. ಮಗ್ಗದ ಮೇಲೆ ಅಪ್ಪ, ರಾಟಿಯ ಮುಂದೆ ಅವ್ವ ಇಲ್ಲವೇ ಮಕ್ಕಳು. ಖಣ ಮಾರಿದ ದುಡ್ಡು ಅಪ್ಪನ ಕೈಗೆ. ಕಂಡಿಕೆಗೆ ಕೂಲಿ ಅಂತ ಬೇರೆ ಇಲ್ಲ. ನಮ್ಮ ಮನೆಯಲ್ಲಿ ಎರಡು ಮಗ್ಗ ಇದ್ದವು. ಅಕ್ಕ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ರಾಟಿಯ ಮುಂದೆ ಕೂತಳು. ನಾನು ಸಾಲಿಗೆ ಹೋದೆ, ಆಮೇಲೆ ಕಾಲೇಜಿಗೆ, ಆಮೇಲೆ ಮುಂಬೈಗೆ.

ಆ ಅಕ್ಕನ ಮಗಳು ಈಗ ಪುಣೆಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಸೆಕೆಂಡ್‌ಹ್ಯಾಂಡ್ ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಮಿಷನ್ ತರಿಸಿಕೊಂಡಳು. ಕ್ವಿಲ್ಟ್ ಅಂದರೆ ನಮ್ಮ ಕೌದಿಯ ಅಮೆರಿಕದ ದಾಯಾದಿ, ನಡುವೆ ಅರಳೆಯ ಪದರ. ಮನೆಯ ಮಿಷನ್ನಿನಲ್ಲಿ ಬಟ್ಟೆ ಓಡುತ್ತದೆ, ಸೂಜಿ ನಿಂತಲ್ಲೇ. ಇದರಲ್ಲಿ ಕೌದಿಯನ್ನು ಉದ್ದನೆಯ ರೋಲರುಗಳ ಮೇಲೆ ಬಿಗಿದು ಮಂಚದಂತೆ ಹಾಸುತ್ತಾರೆ. ಮಿಷನ್ನಿನ ತಲೆಯೇ ಹಳಿಯ ಮೇಲೆ ಓಡಾಡುತ್ತದೆ. ಇಂಥ ಮಿಷನ್ನುಗಳು ಅಮೆರಿಕದಲ್ಲಿ ಸಣ್ಣ ಉದ್ಯೋಗದವರ ಮನೆಗಳಿಗೆ ಹೊಕ್ಕಿದ್ದು ಮಿಸೌರಿಯ ಗ್ಯಾಮಿಲ್‌ನಂಥ ತಯಾರಕರಿಂದ, 1980ರ ದಶಕದ ನಂತರ.

ನಮ್ಮ ಕೈಕೌದಿಗೆ, ಯಲ್ಲಾಪುರ ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಗೆ, ಒಂದೇ ದಾರ, ಒಂದೇ ಸೂಜಿ. ಬಾಬಿನ್ನಿನ ಮಾತೇ ಇಲ್ಲ. ಇಲ್ಲಿ ಹಾಗಲ್ಲ. ಇವಳ ಮಿಷನ್ ನಿಮಿಷಕ್ಕೆ 1500 ಹೊಲಿಗೆ ಹಾಕುತ್ತದೆ, ಅಂಗುಲಕ್ಕೆ ಹತ್ತು ಅಂದುಕೊಳ್ಳಿ. ನಿಮಿಷಕ್ಕೆ 150 ಅಂಗುಲ, ಹೆಚ್ಚುಕಡಿಮೆ ನಾಲ್ಕು ಮೀಟರ್. ಇದಕ್ಕೆ ‘ಎಮ್’ ಅಳತೆಯ ದೊಡ್ಡ ಬಾಬಿನ್, ಒಂದು ಅಂಗುಲ ಅಡ್ಡಗಲ, ‘ಎಲ್’ ಅಳತೆಯದಕ್ಕಿಂತ ಸುಮಾರು ಎರಡು ಪಟ್ಟು ದಾರ ಹಿಡಿಯುತ್ತದೆ. ಆದರೂ ನೂರು ಮೀಟರ್ ಸುತ್ತಿದ್ದರೆ ಇಪ್ಪತ್ತೈದು ನಿಮಿಷದಲ್ಲಿ ಖಾಲಿ. ಅದೂ ಹೂವಿನ ಎಸಳಿನ ನಡುವೆ.

‘ಮಾಮಾ, ಹೊಲಿಯೋದಕ್ಕಿಂತ ಬಾಬಿನ್ ಸುತ್ತೋದ ದೊಡ್ಡ ಕೆಲಸ ಆಗೇತಿ ನೋಡ್ರಿ’ ಅಂತ ಫೋನ್ ಮಾಡಿದಳು. ಮಿಷನ್ ಜೊತೆ ಬಂದ ವೈಂಡರ್ ಅಮೆರಿಕದ 110 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಿದರೆ ಸುಟ್ಟು ಬೂದಿ. ಸುತ್ತಿಯೇ ಬರುವ ರೆಡಿ ಬಾಬಿನ್ ಸಿಗುತ್ತವೆ, ಆದರೆ ತರಿಸಿದ ಬೆಲೆ ಹೆಚ್ಚು, ಬೇಕಾದ ಬಣ್ಣ ಇರುವುದಿಲ್ಲ. ದರ್ಜಿ ಅಂಗಡಿಗಳಲ್ಲಿ ಪಟ್ಟಾಕ್ಕೆ ಒತ್ತಿ ಹೊಲಿಯುತ್ತಲೇ ಸುತ್ತುತ್ತಾರಲ್ಲ, ಹಳಿಯ ಮೇಲೆ ಓಡುವ ಇವಳ ತಲೆಗೆ ಆ ಪಟ್ಟಾ ಎಲ್ಲಿಂದ ಬರಬೇಕು? ಕೊನೆಗೆ ಹೇಳಿದಳು, ಪಕ್ಕದ ಮನೆಯ ಹುಡುಗಿಯೊಬ್ಬಳಿದ್ದಾಳೆ, ಒಂಬತ್ತನೇ ಕ್ಲಾಸು, ಸಂಜೆ ಬಂದು ಕೈವೈಂಡರಿನಲ್ಲಿ ಸುತ್ತಿ ಕೊಡುತ್ತಾಳೆ, ಏನಾದರೂ ಕೊಟ್ಟರಾಯಿತು ಅಂತ.

‘ಅದು ಬ್ಯಾಡವ್ವಾ, ನಿಮ್ಮವ್ವನ್ನ ಒಂದು ಮಾತು ಕೇಳು’ ಅಂದೆ. ನನಗೆ ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ನಂತರದ ಭಾನುವಾರ ನಾನೂ ಪುಣೆಗೆ ಹೋದೆ. ಅಕ್ಕ ಗುಳೇದಗುಡ್ಡದಿಂದ ಬಂದಿದ್ದಳು. ಅಂಗಡಿಯವನು ಇಲ್ಲಿಯ ಕರೆಂಟಿಗೆ ಓಡುವ ಎರಡು ಮೋಟರ್ ವೈಂಡರ್ ನೋಡಲು ಕೊಟ್ಟಿದ್ದ. ಒಂದು ಭಾರೀ ವೇಗದ್ದು, ಸರ್ ಅಂತ ಒಂದು ಚಿಟಿಕೆಯಲ್ಲಿ ತುಂಬುತ್ತದೆ. ಇನ್ನೊಂದು ನಿಧಾನ, ಆದರೆ ದಾರ ಹಿಡಿಯುವ ಬಿಲ್ಲೆಗಳಿಗೆ ಬಿಗಿ ಹೆಚ್ಚುಕಡಿಮೆ ಮಾಡುವ ಸ್ಪ್ರಿಂಗ್ ಇದೆ, ತುಂಬಿದ ಮೇಲೆ ತಾನೇ ನಿಲ್ಲುವ ಲಿವರ್ ದೊಡ್ಡ ಬಾಬಿನ್‌ಗೆ ಸರಿಹೋಗುವಷ್ಟು ಜರುಗುತ್ತದೆ. ನನ್ನ ಕಣ್ಣು ವೇಗದ್ದರ ಮೇಲೆ. ಅಕ್ಕ ಎರಡರಲ್ಲೂ ಸುತ್ತಿದ ಬಾಬಿನ್ ತಗೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಕಂಡಿಕೆ ನೋಡುತ್ತಿದ್ದ ಹಾಗೆಯೇ.

‘ಇದು ಭಾಳ ಬಿಗಿ ಐತಿ’ ಅಂದಳು ವೇಗದ್ದಕ್ಕೆ. ‘ನೂಲು ಎಳದಾಡೇತಿ. ಹೊಲದ ಮ್ಯಾಲ ತಿರುಗಿ ಕುಗ್ಗತೈತಿ, ಬಟ್ಟಿ ಸುಕ್ಕ ಬೀಳತೈತಿ.’

ಅವಳಿಗೆ ಪಾಲಿಯೆಸ್ಟರ್ ದಾರದ ಗುಣ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮಾತು ಅಕ್ಷರಶಃ ನಿಜ. ವೇಗದಲ್ಲಿ ಎಳೆದು ಸುತ್ತಿದ ಪಾಲಿಯೆಸ್ಟರ್ ಬಾಬಿನ್ನಿನಲ್ಲಿ ರಬ್ಬರಿನಂತೆ ಹಿಗ್ಗಿ ಕೂತಿರುತ್ತದೆ, ಹೊಲಿದ ಮೇಲೆ ಕುಗ್ಗುತ್ತದೆ. ಸಡಿಲ ಸುತ್ತಿದರೆ ಇನ್ನೊಂದು ಕಷ್ಟ, ತಲೆ ಗಕ್ಕನೆ ನಿಂತಾಗ ಬಾಬಿನ್ ತಾನೊಂದೇ ತಿರುಗಿ ದಾರ ಗೋಜಲಾಗುತ್ತದೆ. ಅಂಚಿನವರೆಗೆ ತುಂಬಬಾರದು, ಮುಕ್ಕಾಲಿಗಿಂತ ತುಸು ಮೇಲೆ ಸಾಕು ಎಂಬುದನ್ನೂ ಅವಳೇ ಹೇಳಿದಳು.

ನಿಧಾನದ್ದನ್ನೇ ಕೊಂಡದ್ದಾಯಿತು. ಜೊತೆಗೆ ಮೂವತ್ತು ಅಲ್ಯುಮಿನಿಯಂ ಬಾಬಿನ್, ರಾತ್ರಿಯೇ ಸುತ್ತಿಟ್ಟರೆ ಮರುದಿನದ ಕೆಲಸಕ್ಕೆ ಧಾರಾಳ. ಮಗಳು ನಗುತ್ತಾ, ‘ಅವ್ವಾ, ಊರಿಗೆ ಹೋಗೋ ತನಕ ನೀನ ಸುತ್ತಿ ಕೊಡು, ನಿನ್ನಂಗ ಯಾರಿಗೂ ಬರಂಗಿಲ್ಲ’ ಅಂದಳು.

‘ನಾ ಸುತ್ತಂಗಿಲ್ಲವ್ವಾ. ಮೋಟರ್ ಐತೆಲ್ಲ, ಅದ ಸುತ್ತಲಿ’ ಅಂದು ಅಕ್ಕ ಚಹಾ ಕುಡಿಯಲು ಒಳಗೆ ಹೋದಳು.