ಮಾತಿನ ಎಣಿಕೆಯೂ ಮತದ ಎಣಿಕೆಯೂ

ಮತಪೆಟ್ಟಿಗೆಯನ್ನು ತೆರೆಯುವ ಮುನ್ನವೇ ಚುನಾವಣೆಯ ಫಲವನ್ನು ಅರಿಯಬೇಕೆಂಬ ಕುತೂಹಲವು ಹೊಸದಲ್ಲ. ಈಚಿನ ವರುಷಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಜನರು ಬರೆಯುವ ಮಾತುಗಳನ್ನು ಎಣಿಸಿ ಫಲವನ್ನು ನುಡಿಯುವ ಯತ್ನವೂ ನಡೆದಿದೆ. ಅದರ ಒಂದು ಪ್ರಸಿದ್ಧ ಪ್ರಕರಣವನ್ನು ವಾಚಕರ ಮುಂದಿಡುವೆನು. ಆದರೆ ಅದಕ್ಕೆ 73 ವರುಷ ಹಿಂದಿನ ಪ್ರಸಂಗವೊಂದನ್ನು ಮೊದಲು ನೆನೆಯುವುದು ಉಚಿತ.

ಅಮೆರಿಕದ 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆಯು 1916ರಿಂದ 1932ರವರೆಗಿನ ಐದು ಅಧ್ಯಕ್ಷ ಚುನಾವಣೆಗಳಲ್ಲಿಯೂ ಗೆಲ್ಲುವವರ ಹೆಸರನ್ನು ತಪ್ಪದೆ ಹೇಳಿ ಕೀರ್ತಿವಡೆದಿತ್ತು. 1936ರಲ್ಲಿ ಅದು ಟೆಲಿಫೋನ್ ಪುಸ್ತಕ, ಮೋಟಾರು ಗಾಡಿಗಳ ದಾಖಲೆ ಮೊದಲಾದವುಗಳಿಂದ ವಿಳಾಸಗಳನ್ನಾಯ್ದು ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. ತಿರುಗಿ ಬಂದವು 23 ಲಕ್ಷಕ್ಕೂ ಮೇಲ್ಪಟ್ಟು. ಅವುಗಳಂತೆ ಲ್ಯಾಂಡನ್ನರಿಗೆ ನೂರಕ್ಕೆ 57, ರೂಸ್‌ವೆಲ್ಟರಿಗೆ 43. ನಡೆದುದಾದರೂ ಏನು? ರೂಸ್‌ವೆಲ್ಟರು ನೂರಕ್ಕೆ ಸುಮಾರು 61 ಮತಗಳನ್ನು ಪಡೆದು 48 ಸಂಸ್ಥಾನಗಳಲ್ಲಿ 46ನ್ನು ಗೆದ್ದರು! ಆ ಕಾಲದಲ್ಲಿ ಟೆಲಿಫೋನು, ಮೋಟಾರು ಉಳ್ಳವರು ಅನುಕೂಲಸ್ಥರೆಂಬುದು ಎಲ್ಲರೂ ಹೇಳುವ ಕಾರಣ. ಅದಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದುಂಟು: ಪತ್ರವನ್ನು ಮರಳಿ ಕಳುಹಿಸುವ ಶ್ರಮವನ್ನು ವಹಿಸಿದವರಲ್ಲಿ ಲ್ಯಾಂಡನ್ನರ ಪಕ್ಷಪಾತಿಗಳೇ ಹೆಚ್ಚು. ಪತ್ರ ಹೋದವರೆಲ್ಲರೂ ಉತ್ತರಿಸಿದ್ದರೆ ರೂಸ್‌ವೆಲ್ಟರೇ ಮುಂದಿರುತ್ತಿದ್ದರೆಂದು 1988ರಲ್ಲಿ ಒಬ್ಬ ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ.

ಇನ್ನು ಜರ್ಮನಿಗೆ ಬರೋಣ. ಅಲ್ಲಿ 2009ರ ಸೆಪ್ಟೆಂಬರ್ 27ರಂದು ಪಾರ್ಲಿಮೆಂಟಿನ ಚುನಾವಣೆ ನಡೆಯಿತು. ಅದಕ್ಕೆ ಹಿಂದಿನ ವಾರಗಳಲ್ಲಿ ಆಗ ಟ್ವಿಟರ್ ಎಂಬ ಹೆಸರಿನಲ್ಲಿದ್ದ ತಾಣದಲ್ಲಿ ಜನರು ಬರೆದ ಒಂದು ಲಕ್ಷಕ್ಕೂ ಹೆಚ್ಚಿನ ಕಿರುಲೇಖಗಳನ್ನು ಮ್ಯೂನಿಕ್ ನಗರದ ಪಂಡಿತರು ಸಂಗ್ರಹಿಸಿ, ಪಾರ್ಲಿಮೆಂಟಿನಲ್ಲಿದ್ದ ಆರು ಪಕ್ಷಗಳ ಹೆಸರು ಎಷ್ಟೆಷ್ಟು ಸಲ ಬಂದಿವೆಯೆಂದು ಎಣಿಸಿದರು. ಹೊಗಳಿಕೆಯೋ ತೆಗಳಿಕೆಯೋ ಎಂಬ ವಿಚಾರವಿಲ್ಲದೆ, ಬರಿಯ ಹೆಸರಿನ ಎಣಿಕೆಯೇ ಮತಗಳ ಪ್ರಮಾಣಕ್ಕೆ ಬಹುಮಟ್ಟಿಗೆ ಸರಿಹೋಯಿತೆಂದು 2010ರಲ್ಲಿ ಪ್ರಕಟಿಸಿದರು. ವಿದ್ವಲ್ಲೋಕವು ಬೆರಗಾಯಿತು.

ಆದರೆ ಯುಂಗ್‌ಹೆರ್ ಮೊದಲಾದ ಮೂವರು ಅದೇ ಲೆಕ್ಕವನ್ನು ಮತ್ತೆ ಮಾಡಿದರು. ಆ ಚುನಾವಣೆಯಲ್ಲಿ ಪೈರೇಟ್ ಪಕ್ಷವೆಂಬುದೂ ನಿಂತಿತ್ತು. ಕಡಲ್ಗಳ್ಳರ ಹೆಸರನ್ನು ತಾವಾಗಿಯೇ ಇಟ್ಟುಕೊಂಡ ಈ ಜನ ಅಂತರ್ಜಾಲದ ಸ್ವಾತಂತ್ರ್ಯಕ್ಕಾಗಿ ಹೋರಾಡುವವರು. ತಮ್ಮ ಮಾತನ್ನೆಲ್ಲ ಅಲ್ಲಿಯೇ ಆಡುವವರು. ಅವರನ್ನೂ ಸೇರಿಸಿ ಎಣಿಸಲಾಗಿ ಹೆಸರುಗಳಲ್ಲಿ ನೂರಕ್ಕೆ 34.8 ಅವರದೇ ಆಯಿತು! ಎಣಿಕೆಯನ್ನು ನಂಬಿದರೆ ಅವರೇ ಅಗ್ರಸ್ಥಾನದಲ್ಲಿರಬೇಕಿತ್ತು. ಅವರಿಗೆ ದೊರೆತ ಮತಗಳು ನೂರಕ್ಕೆ ಎರಡು. ಪಾರ್ಲಿಮೆಂಟಿನಲ್ಲಿ ಒಂದು ಪೀಠವೂ ದೊರೆಯಲಿಲ್ಲ. ಇಷ್ಟೇ ಅಲ್ಲ, ಎಣಿಸುವ ದಿನಗಳನ್ನು ಹಿಂದುಮುಂದು ಮಾಡಿದರೂ ಉತ್ತರವು ಬದಲಾಗುತ್ತಿತ್ತು. ಯಾವ ಪಕ್ಷಗಳನ್ನು ಎಣಿಸಬೇಕು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಎಣಿಸುವವರೇ ಗೊತ್ತುಮಾಡಬೇಕು. ಆ ಗೊತ್ತುಪಾಡಿಗೆ ನಿಯಮವಿಲ್ಲದಿದ್ದರೆ ಭವಿಷ್ಯವೆಂಬುದಕ್ಕೆ ಅರ್ಥವೇನು?

ಎರಡು ಪ್ರಸಂಗಗಳಲ್ಲಿಯೂ ಎಣಿಕೆಗೆ ಬಂದವರು ತಾವಾಗಿ ಮಾತನಾಡಿದವರೇ. ಸುಮ್ಮನಿದ್ದು ಹೋಗಿ ಮತವಿತ್ತವರ ಲೆಕ್ಕ ಎರಡರಲ್ಲಿಯೂ ಇಲ್ಲ. ಆದರೂ, ನನಗೆ ತೋರುವಂತೆ, ಹಳೆಯ ಪತ್ರಿಕೆಯ ಪಾಲಿಗೆ ಒಂದು ಗೌರವ ಸಲ್ಲಬೇಕು. ಮ್ಯೂನಿಕ್ಕಿನವರ ಲೇಖವು ಫಲವು ಲೋಕವಿದಿತವಾದ ಮೇಲೆ ಹೊರಬಿತ್ತು. ಡೈಜೆಸ್ಟಿನವರಾದರೋ ಚುನಾವಣೆಗೆ ಮೊದಲೇ, ಅಕ್ಟೋಬರ್ 31ರ ಸಂಚಿಕೆಯಲ್ಲಿ, ತಮ್ಮ ಅಂಕಿಗಳನ್ನು ಅಚ್ಚುಹಾಕಿದರು. ಸೋತಮೇಲೆ ತಪ್ಪಾಯಿತೆಂದು ತಮ್ಮ ಪುಟಗಳಲ್ಲಿಯೇ ಒಪ್ಪಿಕೊಂಡರು. ಆ ಪತ್ರಿಕೆಯು 1938ರಲ್ಲಿ 'ಟೈಮ್' ಪತ್ರಿಕೆಯೊಳಗೆ ಸೇರಿಹೋಯಿತು.